ಗಗನಯಾತ್ರಿಯ ಬನಿಯನ್

ನಿವೃತ್ತಳಾದ ಭೌತಶಾಸ್ತ್ರದ ಟೀಚರಿಗೆ ಸಿಗುವ ಗೌರವ ಎಂಥದೆಂದು ನೋಡಬೇಕಾದರೆ ಚೆಂಬೂರಿನ ನಮ್ಮ ಬಿಲ್ಡಿಂಗಿಗೆ ಬರಬೇಕು. ಲಿಫ್ಟ್ ನಿಂತರೆ ನನ್ನನ್ನು ಕರೆಯುತ್ತಾರೆ. ಇನ್ವರ್ಟರ್ ಕೂಗಿದರೆ ನನ್ನನ್ನು ಕರೆಯುತ್ತಾರೆ. ಗ್ರಹಣದ ದಿನ ಊಟ ಮಾಡಬಹುದೇ ಎಂದು ಮಾತ್ರ ಯಾರೂ ಕೇಳುವುದಿಲ್ಲ, ಅದಕ್ಕೆ ಟೀವಿಯಲ್ಲಿ ಬೇರೆ ತಜ್ಞರಿದ್ದಾರೆ. ಹೀಗೆ ಸುಖವಾಗಿದ್ದ ನನಗೆ ಒಂದು ಏಪ್ರಿಲ್ ಮಧ್ಯಾಹ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಹತ್ತನೇ ತರಗತಿಯಲ್ಲಿ ಉಷ್ಣದ ಪಾಠ ಮುಗಿಯುವವರೆಗೂ ಕಣ್ಣು ತೆರೆದುಕೊಂಡೇ ನಿದ್ದೆ ಮಾಡಿದ ಪ್ರತಿಭಾವಂತೆ. ಈಗ ಒಂದು ವೆಬ್ ಸೀರೀಸಿನ ನಿರ್ಮಾಣ ನೋಡಿಕೊಳ್ಳುವ ದೊಡ್ಡ ಕೆಲಸದಲ್ಲಿದ್ದಳು.

"ಟೀಚರ್, ನಮ್ದು ಸ್ಪೇಸ್ ಮೇಲೆ ಸ್ಟೋರಿ. ಡೈರೆಕ್ಟರ್ ಸರ್‌ಗೆ ಸಬ್ ಕುಛ್ ಅಥೆಂಟಿಕ್ ಬೇಕು. ನೀವು ಸೈನ್ಸ್ ಕನ್ಸಲ್ಟೆಂಟ್ ಆಗಿ ಬನ್ನಿ ನಾ, ಪ್ಲೀಸ್."

ನನ್ನ ಯಜಮಾನರು ಸೋಫಾದಿಂದಲೇ ತಲೆಯಾಡಿಸಿದರು. ಅವರು ಮೂವತ್ತು ಚಿಲ್ಲರೆ ವರ್ಷ ಇಲ್ಲೇ ಹತ್ತಿರದ ರಿಫೈನರಿಯಲ್ಲಿ ಬಿಸಿ ಎಣ್ಣೆಯನ್ನು ತಣ್ಣಗೆ ಮಾಡುವ ಯಂತ್ರಗಳ ಜೊತೆ ಕಾಲ ಕಳೆದವರು. ನಿವೃತ್ತರಾದ ಮೇಲೆ ತಣ್ಣಗೆ ಮಾಡಲು ಮನೆಯಲ್ಲಿ ನಾನೊಬ್ಬಳೇ ಉಳಿದಿದ್ದೆ. ನಾನು ದಿನಾ ಗೋರೆಗಾಂವಿಗೆ ಹೋಗುತ್ತೇನೆಂದರೆ ಅವರಿಗೂ ಒಂದಿಷ್ಟು ನೆಮ್ಮದಿ.

ಮೊದಲ ಮೀಟಿಂಗಿನಲ್ಲೇ ಅಥೆಂಟಿಕ್ ಎಂಬ ಮಾತಿನ ಅರ್ಥ ನನಗೆ ಸ್ಪಷ್ಟವಾಯಿತು. ನಿರ್ದೇಶಕರು ಕಣ್ಣು ಮುಚ್ಚಿಕೊಂಡು ಒಂದು ದೃಶ್ಯ ಹೇಳಿದರು. ನಾಯಕ ಬಾಹ್ಯಾಕಾಶ ನಿಲ್ದಾಣದ ಹೊರಗೆ ತೇಲುತ್ತ ಆಂಟೆನಾ ರಿಪೇರಿ ಮಾಡುತ್ತಿದ್ದಾನೆ. ಸೂಟಿನ ಹೀಟರ್ ಕೆಡುತ್ತದೆ. ಅವನು ಗಡಗಡ ನಡುಗುತ್ತಾನೆ. ರೆಪ್ಪೆಗಳ ಮೇಲೆ ಹಿಮ ಕಟ್ಟುತ್ತದೆ. ಹಿಮದ ನಡುವೆ ಒಂದೇ ಒಂದು ಕಣ್ಣೀರ ಹನಿ.

ಕೋಣೆಯಲ್ಲಿ ಎಲ್ಲರೂ ಆ ಹನಿಯನ್ನು ಸವಿಯುತ್ತಿದ್ದರು. ನಾನು ಟೀಚರ್. ತಪ್ಪು ಕಂಡರೆ ಕೈ ತುರಿಸುತ್ತದೆ.

"ಸರ್, ಅಲ್ಲಿ ಮೊದಲ ಕಷ್ಟ ಚಳಿ ಅಲ್ಲ, ಸೆಕೆ" ಎಂದೆ.

ಅವರು ಕಣ್ಣು ತೆರೆದರು. ಬಂದ ದಾರಿಗೆ ಸುಂಕವಿಲ್ಲ ಎಂದಾಗಬಾರದೆಂದು ನಾನು ಪೂರ್ತಿ ಪಾಠವನ್ನೇ ಮಾಡಿದೆ. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ. ನಮ್ಮ ಮೈಯ ಬಿಸಿಯನ್ನು ಒಯ್ಯುವುದು ಗಾಳಿ ತಾನೇ? ಅದೇ ಇಲ್ಲದಿದ್ದರೆ ಬಿಸಿ ಎಲ್ಲಿಗೆ ಹೋಗಬೇಕು? ಮೇಲಿಂದ ಸೂಟಿಗೆ ಬೆಳ್ಳಿ ಬಣ್ಣದ ತೆಳು ಹಾಳೆಗಳು ಪದರದ ಮೇಲೆ ಪದರ. ಬಿಸಿಲಿಗೆ ಮೈಯೊಡ್ಡಿದ ಕಡೆ ಕುದಿಯುವ ನೀರಿಗಿಂತ ಬಿಸಿ, ನೆರಳಿನ ಕಡೆ ಭಯಂಕರ ಚಳಿ, ಎರಡೂ ಒಳಗೆ ಬರಬಾರದಲ್ಲ, ಅದಕ್ಕೆ. ಆದರೆ ಹೊರಗಿನದನ್ನು ಒಳಗೆ ಬಿಡದ ಸೂಟು ಒಳಗಿನದನ್ನೂ ಹೊರಗೆ ಬಿಡುವುದಿಲ್ಲ. ಥರ್ಮಾಸ್ ಫ್ಲಾಸ್ಕಿನೊಳಗೆ ಒಬ್ಬ ಮನುಷ್ಯನನ್ನು ಕೂರಿಸಿ ನಟ್ಟು ಬಿಗಿ ಎಂದರೆ ಏನಾಗುತ್ತದೆ? ತನ್ನ ಬಿಸಿಯಲ್ಲಿ ತಾನೇ ಬೇಯುತ್ತಾನೆ. ಹಾಗಾಗಿ ಗಗನಯಾತ್ರಿಗಳು ಎಲ್ಲಕ್ಕಿಂತ ಒಳಗೆ ಮೈಗಂಟಿದ ಒಂದು ಬನಿಯನ್ ಹಾಕುತ್ತಾರೆ. ಅದರ ತುಂಬ ಸಣ್ಣ ನಳಿಗಳನ್ನು ಹೊಲಿದಿರುತ್ತಾರೆ. ಅವುಗಳಲ್ಲಿ ತಣ್ಣೀರು ಹರಿಯುತ್ತ ಮೈಯ ಬಿಸಿಯನ್ನು ಎತ್ತಿಕೊಂಡು ಬೆನ್ನ ಮೇಲಿನ ಪೆಟ್ಟಿಗೆಗೆ ಒಯ್ಯುತ್ತದೆ. ಅಲ್ಲಿ ಬೇರೊಂದಿಷ್ಟು ನೀರನ್ನು ಸೂಕ್ಷ್ಮ ರಂಧ್ರಗಳ ಲೋಹದ ಫಲಕದ ಮೂಲಕ ಹೊರಗಿನ ಶೂನ್ಯಕ್ಕೆ ಒಡ್ಡುತ್ತಾರೆ. ಆ ನೀರು ಅಲ್ಲೇ ಹೆಪ್ಪುಗಟ್ಟಿ ಮಂಜಾಗುತ್ತದೆ, ಮಂಜು ಕರಗದೆ ನೇರವಾಗಿ ಆವಿಯಾಗುತ್ತದೆ, ಹೋಗುವಾಗ ಮೈಯಿಂದ ಬಂದ ಬಿಸಿಯನ್ನೂ ಕರೆದುಕೊಂಡು ಹೋಗುತ್ತದೆ. ತಲೆಯ ಸುತ್ತ ಆಮ್ಲಜನಕ ಬೀಸುತ್ತಿರುತ್ತದೆ, ಬೆವರು ಆರಲಿ, ಮುಖದ ಗಾಜು ಮಬ್ಬಾಗದಿರಲಿ ಎಂದು. ಸೆಕೆಯೋ ಚಳಿಯೋ ಎಂದು ನೋಡಿ ತಿರುಗಿಸಿಕೊಳ್ಳಲು ಎದೆಯ ಮೇಲೇ ಒಂದು ತಿರುಪು. ಹೀಟರ್ ಇರುವುದು ಕೈಗವಸಿನ ಬೆರಳುಗಳಿಗೆ ಮಾತ್ರ.

ನಿರ್ದೇಶಕರು ಗಂಭೀರವಾಗಿ ಕೇಳಿಸಿಕೊಂಡರು. ಕೊನೆಗೆ ಹಿಂದಿಯಲ್ಲಿ, "ಬಹಳ ಚೆನ್ನಾಗಿದೆ ಮೇಡಂ. ಆದರೆ ಚಳಿಯಲ್ಲಿ ಎಮೋಷನ್ ಇದೆ, ಸೆಕೆಯಲ್ಲಿಲ್ಲ. ಸೆಕೆ ಎಲ್ಲರಿಗೂ ಆಗುತ್ತದೆ" ಎಂದರು.

ಹೀಗೆ ವಿಜ್ಞಾನದ ಸಲಹೆ ಮುಗಿಯಿತು. ಹಿಮ ಉಳಿಯಿತು. ನಾನೂ ಉಳಿದೆ. ಕ್ಯಾಂಟೀನಿನ ಪೋಹೆ ಚೆನ್ನಾಗಿತ್ತು.

ಸೂಟು ಧಾರಾವಿಯಿಂದ ಬಂತು. ಬೈಕ್ ಸವಾರರ ಜಾಕೆಟ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಮಾಡಿಸಿದ್ದರು. ನೋಡಿದವರು ಸೆಲ್ಯೂಟ್ ಹೊಡೆಯಬೇಕು, ಹಾಗಿತ್ತು. ಬಿಳಿ ರೆಕ್ಸಿನ್, ಒಳಗೆ ದಪ್ಪ ಫೋಮ್, ಬೆನ್ನಿಗೆ ಥರ್ಮೋಕೋಲಿನ ದೊಡ್ಡ ಪೆಟ್ಟಿಗೆ, ತಲೆಗೆ ಗುಂಡನೆಯ ಗಾಜಿನಂಥ ಬುರುಡೆ. ಮುಖ ಕಾಣಬೇಕೆಂದು ಬುರುಡೆಯ ಒಳಗೆ ದೀಪಗಳ ಸಾಲು. ಗಾಳಿಗೆಂದು ಒಂದು ತೂತೂ ಇರಲಿಲ್ಲ. ಬಿಸಿಯನ್ನು ಒಳಗೇ ಹಿಡಿದಿಡುವ ವಿಷಯದಲ್ಲಿ ಆ ಸೂಟು ಅಸಲಿ ಸೂಟಿಗೆ ಒಂದಿಷ್ಟೂ ಕಡಿಮೆಯಿರಲಿಲ್ಲ. ಹೊರಗೆ ಹಾಕುವ ವ್ಯವಸ್ಥೆಯೊಂದೇ ಇಲ್ಲದ್ದು. ಕತ್ತಿನ ಬಳಿ ಒಂದು ಪುಟ್ಟ ಫ್ಯಾನ್ ಇತ್ತು, ಅದರ ಬ್ಯಾಟರಿಯನ್ನು ನಾಯಕನ ಕ್ಲೋಸಪ್ಪಿಗೆಂದು ಜೋಪಾನ ಮಾಡಿದ್ದರು.

ಶೂಟಿಂಗ್ ಶುರುವಾದದ್ದು ಮೇ ತಿಂಗಳಲ್ಲಿ, ಗೋರೆಗಾಂವಿನ ತಗಡಿನ ಮಾಡಿನ ಸ್ಟುಡಿಯೋದಲ್ಲಿ. ಮುಂಬಯಿಯ ಮೇ ತಿಂಗಳ ಬಗ್ಗೆ ಹೇಳುವುದೇನಿದೆ? ಸ್ನಾನ ಮಾಡಿ ಟವೆಲ್ಲಿಂದ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಸ್ನಾನ ಆಗಿರುತ್ತದೆ. ಕಪ್ಪು ಪರದೆ ಬಿಗಿದು, ನಕ್ಷತ್ರ ಚುಚ್ಚಿ, ಸೂರ್ಯನೆಂದು ದೊಡ್ಡ ದೀಪ ಹಚ್ಚಿದ್ದರು. ನಾಯಕನಟ ನಲವತ್ತು ದಾಟಿದ ಮೇಲೂ ಕಾಲೇಜು ಹುಡುಗನ ಪಾತ್ರ ಬಿಡದ ಉತ್ಸಾಹಿ. ಬಂದು, ಬುರುಡೆ ತೊಟ್ಟು, ನಡುಗಿ, ಹನಿ ಸುರಿಸಿ, ತಕ್ಷಣ ಏಸಿಯ ವ್ಯಾನಿಗೆ ಮರಳುತ್ತಿದ್ದರು. ಶಾಟಿನ ನಡುವೆ ಇಬ್ಬರು ಅವರ ಸೂಟಿನ ಕತ್ತಿನೊಳಗೆ ತಂಪು ಗಾಳಿಯ ಪೈಪ್ ತೂರಿಸುತ್ತಿದ್ದರು. ಆಂಟೆನಾ ರಿಪೇರಿ, ತೇಲುವುದು, ಪಲ್ಟಿ ಹೊಡೆಯುವುದು, ನಿಲ್ದಾಣಕ್ಕೆ ಡಿಕ್ಕಿ ಹೊಡೆಯುವುದು, ಇವೆಲ್ಲ ಅವರ ಡ್ಯೂಪಿನ ಕೆಲಸ.

ಈ ಡ್ಯೂಪ್ ಮೂವತ್ತರ ಆಸುಪಾಸಿನ ಗಟ್ಟಿ ಆಳು. ನಾನು ಯಜಮಾನರ ಜೊತೆ ಫೋನಿನಲ್ಲಿ ಕುಕ್ಕರಿನ ವಿಷಯ ಮಾತಾಡುತ್ತಿದ್ದುದನ್ನು ಕೇಳಿ ಹತ್ತಿರ ಬಂದ.

"ಅಕ್ಕಾರ, ನೀವು ಕನ್ನಡದವ್ರೇನ್ರಿ?"

ಬಾಗಲಕೋಟೆ ಕಡೆಯವನು. ಅಪ್ಪ ಅಮ್ಮ ಗೋರೆಗಾಂವಿನ ಟವರುಗಳಿಗೆ ಇಟ್ಟಿಗೆ ಹೊರಲು ಬಂದವರು. ಆ ಕಟ್ಟಡಗಳ ಬಿದಿರು ಅಟ್ಟಣಿಗೆಗಳೇ ಇವನಿಗೆ ಆಟದ ಬಯಲು. ಹತ್ತುವುದೂ ಬೀಳುವುದೂ ಅಲ್ಲೇ ಅಭ್ಯಾಸವಾಯಿತಂತೆ. ಈಗ ಯಾರ್ಯಾರದೋ ಪರವಾಗಿ ಬೀಳುವುದೇ ಉದ್ಯೋಗ. ಸೂಟಿನೊಳಗೆ ಹೇಗಿರುತ್ತದೆ ಎಂದು ಕೇಳಿದೆ.

"ಭಟ್ಟ್ಯಾಗ ಕುಂತಂಗ ಆಗ್ತೈತ್ರಿ. ಬೆವರು ಬೂಟಿನ್ಯಾಗ ಇಳದು ಪಚಪಚ ಅಂತೈತಿ. ಗಾಜು ಮಬ್ಬಾಗಿ ಏನೂ ಕಾಣಂಗಿಲ್ಲ. ಆದ್ರ ಯಾರಿಗಿ ಹೇಳೋದ್ರಿ? ಹೇಳಿದ್ರ ನಾಳಿಂದ ಬ್ಯಾರೆಯವನ್ನ ಕರಸ್ತಾರ."

ನಾನು ಹೋಗಿ ನನ್ನ ವಿದ್ಯಾರ್ಥಿನಿಗೆ ಹೇಳಿದೆ. ಅವಳು ಕಳವಳದಿಂದಲೇ ಕೇಳಿಸಿಕೊಂಡಳು. "ಟೀಚರ್, ಐ ನೋ, ಬಟ್ ಷೆಡ್ಯೂಲ್ ಟೈಟ್ ಇದೆ. ನಾನು ಅವ್ರಿಗೆ ನಿಂಬೂ ಪಾನಿ ಕಳ್ಸ್ತೀನಿ" ಎಂದಳು. ನಿಂಬೂ ಪಾನಿ ಬಂತು. ಬುರುಡೆ ತೆಗೆಯುವುದಕ್ಕೆ ಇಬ್ಬರು ಬೇಕು, ಶಾಟ್ ನಡುವೆ ಅವರಿಗೆ ಬಿಡುವಿಲ್ಲ, ಹಾಗಾಗಿ ಅದನ್ನು ಲೈಟಿನವರು ಕುಡಿದರು.

ಮೂರನೆಯ ದಿನ ಮಧ್ಯಾಹ್ನ ಅವನನ್ನು ತಂತಿಗಳಿಗೆ ಕಟ್ಟಿ ಮೇಲೆತ್ತಿದರು. ಕಂಬದಿಂದ ಕಂಬಕ್ಕೆ ತೇಲಿಕೊಂಡು ಹೋಗಬೇಕು. ಒಂದು ಸಲ ಹೋದ. ದೀಪ ಸರಿ ಬರಲಿಲ್ಲ. ಮತ್ತೆ ಹೋದ. ಹಿಂದಿನ ನಕ್ಷತ್ರ ಒಂದು ಕಳಚಿ ಬಿತ್ತು. ಮತ್ತೆ ಹೋಗಬೇಕಾಯಿತು. ಆಮೇಲೆ ಅವನ ಚಲನೆ ನಿಧಾನವಾಯಿತು, ಇನ್ನೂ ನಿಧಾನವಾಯಿತು. ನಿರ್ದೇಶಕರು ಮಾನಿಟರಿನತ್ತ ಬಾಗಿ ಪಿಸುಗುಟ್ಟಿದರು: "ವಾಹ್. ನೋಡಿ, ಎಷ್ಟು ಸಹಜವಾಗಿ ತೇಲುತ್ತಿದ್ದಾನೆ. ಕ್ಯಾಮೆರಾ ನಿಲ್ಲಿಸಬೇಡಿ."

ನಾನೂ ಮಾನಿಟರ್ ನೋಡಿದೆ. ಎರಡೂ ಕೈ ನೆಲದ ಕಡೆಗೆ ನೇರವಾಗಿ ಜೋತುಬಿದ್ದಿದ್ದವು. ತೂಕವೇ ಇಲ್ಲದ ಕಡೆ ಕೈಗಳು ಹಾಗೆ ಜೋಲುವುದಿಲ್ಲ, ತಾವಾಗಿ ಮುಂದಕ್ಕೆ ತೇಲಿ ಬರುತ್ತವೆ. ಮೊದಲು ನನ್ನ ತಲೆಗೆ ಹೊಳೆದದ್ದು ಇದು, ಶಾಟ್ ತಪ್ಪಾಗಿದೆ ಎಂಬುದು. ನಾಚಿಕೆಯ ವಿಷಯವೇ, ಆದರೆ ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ತಲೆ ಬೇರೆ ಹೇಗೆ ಓಡೀತು? ಆಮೇಲಿನ ಕ್ಷಣದಲ್ಲೇ ಆ ಕೈಗಳ ಒಡೆಯನಿಗೆ ಎಚ್ಚರವಿಲ್ಲವೆಂದು ಅರ್ಥವಾಯಿತು. "ಕಟ್" ಎಂದು ಕೂಗಿದೆ. ನಿರ್ದೇಶಕರಿರುವಾಗ ಇನ್ನೊಬ್ಬರು ಕಟ್ ಹೇಳುವುದು ಈ ಉದ್ಯಮದಲ್ಲಿ ಮಹಾಪಾಪವಂತೆ. ಎಲ್ಲರೂ ಡ್ಯೂಪನ್ನು ಬಿಟ್ಟು ನನ್ನನ್ನು ನೋಡತೊಡಗಿದರು.

"ಮನುಷ್ಯ ಬೇಹೋಷ್ ಆಗಿದಾನೆ, ಇಳಿಸಿ ಅವನನ್ನ" ಎಂದು ತರಗತಿಯ ದನಿಯಲ್ಲಿ ಹೇಳಿದ ಮೇಲೆ ತಂತಿ ಕೆಳಗೆ ಬಂತು.

ಬುರುಡೆ ತೆಗೆದರೆ ಒಳಗಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಬಿಸಿ ಬಂತು. ಮುಖ ಕೆಂಪೇರಿತ್ತು. ಕಣ್ಣು ಅರೆ ತೆರೆದು ಏನೋ ಗೊಣಗುತ್ತಿದ್ದ, ತಾನು ಎಲ್ಲಿದ್ದೇನೆಂದು ತಿಳಿಯುತ್ತಿರಲಿಲ್ಲ. ಸೂಟನ್ನು ಕತ್ತರಿಸಿ ಎಂದೆ. ವಸ್ತ್ರವಿಭಾಗದವರು, ಮುಂದಿನ ಶಾಟಿಗೆ ಹೊಂದುವುದಿಲ್ಲ, ಕಂಟಿನ್ಯುಯಿಟಿಗೆ ತೊಂದರೆ ಎಂದರು. ಕೊನೆಗೆ ನನ್ನ ವಿದ್ಯಾರ್ಥಿನಿಯೇ ಕತ್ತರಿ ತಂದಳು. ಕತ್ತಿನಿಂದ ಸೊಂಟದವರೆಗೆ ಒಂದೇ ಸಲಕ್ಕೆ ಸೀಳಿದಳು. ಕೋಲ್ಡ್‌ಡ್ರಿಂಕ್ ಇಡುವ ಪೆಟ್ಟಿಗೆಯಲ್ಲಿದ್ದ ಐಸನ್ನು ಕಂಕುಳಿಗೆ, ಕುತ್ತಿಗೆಗೆ ಒತ್ತಿ, ಮೈಮೇಲೆ ನೀರು ಸುರಿದು ರಟ್ಟಿನಿಂದ ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಸಾಗಿಸಿದೆವು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರ್. ಮಂಚದ ಪಕ್ಕ ಕೂತು ಸಲೈನ್ ಬಾಟಲಿಯಿಂದ ಇಳಿಯುವ ತೆಳು ನಳಿಯನ್ನೇ ನೋಡುತ್ತಿದ್ದಾಗ ನನಗೆ ಬನಿಯನ್ನಿನ ಯೋಚನೆ ಬಂತು.

ಸಂಜೆ ಅವನಿಗೆ ಪೂರ್ತಿ ಎಚ್ಚರವಾಯಿತು. "ಶಾಟ್ ಓಕೆ ಆತೇನ್ರಿ ಅಕ್ಕಾರ?" ಎಂದು ಕೇಳಿದ. ನಾನು ಎದ್ದು ಹೊರಗೆ ಹೋಗಿ ಆ ನಳಿ ಎಲ್ಲಿ ಸಿಗುತ್ತದೆಂದು ನರ್ಸನ್ನು ಕೇಳಿದೆ.

ಡ್ಯೂಪಿಗೆ ನಳಿಯ ಬನಿಯನ್ ಹೊಲಿಯುತ್ತೇನೆಂದು ಯಜಮಾನರಿಗೆ ಹೇಳಿದಾಗ ಅವರು ಪೇಪರ್ ಮಡಿಸಿಟ್ಟರು. ಅದೇ ದೊಡ್ಡ ಘಟನೆ.

"ನಳಿ ಎಷ್ಟು ಉದ್ದ ಹಾಕ್ತೀಯ?"

"ಒಂದೇ ನಳೀನ ಮೈತುಂಬಾ ಸುತ್ತಿಸಿ ಹೊಲೀತೀನಿ."

"ಹಾಗೆ ಮಾಡಿದ್ರೆ ನೀರು ಮುಂದಕ್ಕೇ ಹೋಗಲ್ಲ ಕಣೇ. ಹೋದ್ರೂ ಅರ್ಧ ದಾರೀಲೇ ಬಿಸಿ ಆಗ್ಬಿಡತ್ತೆ. ಒಂದು ಕಡೆಯಿಂದ ಹತ್ತಾರು ಕವಲು ಮಾಡಿ ಬಿಡು, ಇನ್ನೊಂದು ಕಡೆ ಎಲ್ಲಾ ಸೇರ್ಸು. ರಿಫೈನರೀಲಿ ಮಾಡ್ತಿದ್ದಿದ್ದೂ ಅದೇ. ಇಲ್ಲಿ ಎಣ್ಣೆ ಬದಲು ನಿನ್ನ ಡ್ಯೂಪು."

ಅಸಲಿ ಬನಿಯನ್ನಿನಲ್ಲೂ ಹಾಗೇ ಕವಲುಗಳಿರುತ್ತವೆ. ನಾನು ಅದನ್ನು ಮರೆತಿದ್ದೆ, ಆದರೆ ಅವರೆದುರು ಒಪ್ಪಿಕೊಳ್ಳಲಿಲ್ಲ. ಸಂಸಾರ ನಡೆಯಬೇಕಲ್ಲ.

ಮೆಡಿಕಲ್ ಅಂಗಡಿಯಿಂದ ಸಲೈನ್ ನಳಿ, ಮೀನಿನ ತೊಟ್ಟಿಯ ಸಾಮಾನು ಮಾರುವವನಿಂದ ಕವಲು ಜೋಡಿಸುವ ತುಂಡುಗಳು, ನಮ್ಮ ಹಳೆಯ ಕಾರಿನಿಂದ ಗಾಜಿಗೆ ನೀರು ಚಿಮ್ಮಿಸುವ ಪುಟ್ಟ ಪಂಪು. ಬಿಗಿಯಾದ ವ್ಯಾಯಾಮದ ಬನಿಯನ್ನಿಗೆ ನಾನು ಕೈಯಲ್ಲೇ ನಳಿಗಳನ್ನು ಹೊಲಿದೆ. ಬೆನ್ನಿನ ಥರ್ಮೋಕೋಲ್ ಪೆಟ್ಟಿಗೆಯನ್ನು ಯಜಮಾನರು ಮನೆಗೆ ತರಿಸಿಕೊಂಡು ಒಳಗಿಂದ ಕೊರೆದು ಐಸ್ ನೀರಿನ ಚೀಲಕ್ಕೆ ಜಾಗ ಮಾಡಿದರು. ಇಡೀ ಸೂಟಿನಲ್ಲಿ ನಿಜವಾಗಿ ವೈಜ್ಞಾನಿಕವಾಗಿದ್ದ ವಸ್ತು ಆ ಥರ್ಮೋಕೋಲ್ ಒಂದೇ, ಅದನ್ನು ಬರೀ ಅಂದಕ್ಕೆ ಇಟ್ಟಿದ್ದರು.

ಮೊದಲ ಪ್ರಯೋಗ ಯಜಮಾನರ ಮೇಲೆ. ಬನಿಯನ್ ತೊಟ್ಟು, ಮೇಲೆ ನಮ್ಮ ಸ್ವೆಟರ್ ಶಾಲು ಎಲ್ಲ ಹೊದ್ದು ಬಾಲ್ಕನಿಯ ಬಿಸಿಲಲ್ಲಿ ನಿಂತರು. ಎದುರು ಬಿಲ್ಡಿಂಗಿನವರು ಹೊರಗೆ ಬಂದು ನೋಡಿದರು. ನಾನು ಪಂಪು ಚಾಲೂ ಮಾಡಿದೆ.

"ಏಯ್, ನಿಲ್ಸೇ, ಹಿಮಾಲಯ ಹತ್ತಿದ ಹಾಗಿದೆ" ಎಂದು ಹಲ್ಲು ಕಡಿಯುತ್ತ ಹೇಳಿದರು.

ಬರೀ ಐಸ್ ನೀರು ಹಾಕಿದ್ದು ತಪ್ಪಾಗಿತ್ತು. ತೀರಾ ತಣ್ಣಗಾದರೆ ಚರ್ಮದ ರಕ್ತನಾಳಗಳು ಮುದುಡಿಕೊಳ್ಳುತ್ತವೆ, ಒಳಗಿನ ಬಿಸಿ ಹೊರಗೆ ಬರದೆ ಒಳಗೇ ಉಳಿಯುತ್ತದೆ. ಗಗನಯಾತ್ರಿಯ ಎದೆಯ ಮೇಲಿನ ತಿರುಪು ಸುಮ್ಮನೆ ಇಟ್ಟದ್ದಲ್ಲ. ನಾವೂ ನೀರಿನ ಹರಿವು ಹೆಚ್ಚುಕಡಿಮೆ ಮಾಡಲು ಒಂದು ಪುಟ್ಟ ತಿರುಪು ಸೇರಿಸಿದೆವು. ಅಂದು ಮಧ್ಯಾಹ್ನ ಯಜಮಾನರು ಸ್ವೆಟರ್ ಸಮೇತ ಬಾಲ್ಕನಿಯಲ್ಲೇ ಕೂತು ಮಜ್ಜಿಗೆ ಅನ್ನ ಊಟ ಮಾಡಿದರು.

ಡ್ಯೂಪ್ ಕೆಲಸಕ್ಕೆ ಮರಳಿದ ದಿನ ಅವನಿಗೆ ಬನಿಯನ್ ತೊಡಿಸಿದೆ. ಇನ್ನೂ ನಾಲ್ಕು ದಿನ ಮಲಗು ಎಂದರೂ ಕೇಳದೆ ಬಂದಿದ್ದ. ಸೀಳಿದ ಸೂಟನ್ನು ಅಷ್ಟರಲ್ಲಿ ಮತ್ತೆ ಹೊಲಿಸಿದ್ದರು. ತಂತಿಯ ಮೇಲೆ ಅರ್ಧ ಗಂಟೆ ಇದ್ದು ಇಳಿದ.

"ಅಕ್ಕಾರ, ಬೆನ್ನ ಮ್ಯಾಲೆ ಸಣ್ಣ ಹಳ್ಳ ಹರಿದಂಗ ಆಗಾಕತ್ತೈತಿ ನೋಡ್ರಿ. ಇನ್ನ ಬೇಕಾದ್ರ ಚಂದ್ರನ ತನಕ ಹೋಗಿ ಬರ್ತೀನ್ರಿ" ಎಂದ.

ಈ ಸಂತೋಷ ಊಟದ ವೇಳೆಯವರೆಗೆ ಬಾಳಿತು. ಸುದ್ದಿ ವ್ಯಾನಿಗೆ ತಲುಪಿತು. ನಾಯಕನಟರಿಗೆ ಬನಿಯನ್ ಬೇಕಂತೆ, ಈಗಲೇ ಬೇಕಂತೆ. ಅವರ ಸಹಾಯಕ ಬಂದು ಡ್ಯೂಪಿನ ಮೈಯಿಂದ ಬಿಚ್ಚಿಸಿಕೊಂಡು ಹೋಗಿಯೇಬಿಟ್ಟ. ಇವನು ಮತ್ತೆ ಬರಿಮೈ ಮೇಲೆ ರೆಕ್ಸಿನ್ ಎಳೆದುಕೊಳ್ಳತೊಡಗಿದ. ನಾನು ನಿರ್ದೇಶಕರ ಬಳಿ ಓಡಿದೆ.

"ಸರ್, ಅವನು ಮೊನ್ನೆಯಷ್ಟೇ ಆಸ್ಪತ್ರೆಯಿಂದ ಬಂದವನು."

"ಗೊತ್ತು ಮೇಡಂ, ನನಗೂ ಬೇಜಾರಾಗುತ್ತೆ. ಆದರೆ ಹೀರೋ ಕಂಫರ್ಟೇಬಲ್ ಆಗಿದ್ದರೆ ತಾನೇ ಚೆನ್ನಾಗಿ ನಡುಗೋಕಾಗೋದು?"

ನಾನು ನೇರವಾಗಿ ವ್ಯಾನಿಗೆ ಹೋದೆ. ಒಳಗೆ ಶಾಲು ಹೊದೆಯುವಷ್ಟು ತಂಪು. ನಾಯಕನಟರು ಬನಿಯನ್ ತೊಟ್ಟು ಕನ್ನಡಿಯೆದುರು ನಿಂತಿದ್ದರು. ಕರುಣೆ, ನ್ಯಾಯ, ಸೆಕೆಯಿಂದ ಸಾಯುವವರ ಕಥೆ, ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಅವರು ಹೊಟ್ಟೆ ಒಳಕ್ಕೆಳೆದುಕೊಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುವುದನ್ನು ನೋಡಿದ ಮೇಲೆ ಅದೆಲ್ಲ ಬಿಟ್ಟೆ.

"ಸರ್, ತಂಪು ಚೆನ್ನಾಗಿರುತ್ತೆ" ಎಂದು ನನ್ನ ಅತಿ ವಿನಯದ ಹಿಂದಿಯಲ್ಲಿ ಹೇಳಿದೆ. "ಆದರೆ ನಳಿಯಲ್ಲಿ ನೀರು ತುಂಬಿದ ಮೇಲೆ ಇಲ್ಲಿ, ಹೊಟ್ಟೆಯ ಸುತ್ತ ಸ್ವಲ್ಪ ಉಬ್ಬುತ್ತೆ. ಡ್ಯೂಪ್ ದೂರದಿಂದ ಕಾಣುತ್ತಾನೆ, ಪರವಾಗಿಲ್ಲ. ನಿಮ್ಮದು ಕ್ಲೋಸಪ್."

ಅವರು ಕನ್ನಡಿಯನ್ನೇ ದಿಟ್ಟಿಸಿದರು.

"ಎಷ್ಟು ಉಬ್ಬುತ್ತೆ?"

"ಜಾಸ್ತಿ ಏನಿಲ್ಲ ಸರ್. ನಿಮ್ಮ ವಯಸ್ಸಿಗೆ ಸಹಜ ಅಂತ ಜನ ಅಂದುಕೊಳ್ತಾರೆ."

ನಾನು ವ್ಯಾನಿನ ಮೆಟ್ಟಿಲಿಳಿಯುವುದರೊಳಗೆ ಬನಿಯನ್ ನನ್ನ ಕೈಯಲ್ಲಿತ್ತು. ಅದನ್ನು ತಂದು ಡ್ಯೂಪಿನ ಕೈಗೆ ಕೊಟ್ಟಾಗ, ಸಾಹೇಬರು ಹೇಗೆ ಬಿಟ್ಟುಕೊಟ್ಟರೆಂದು ಕೇಳಿದ. ದೊಡ್ಡ ಮನಸ್ಸು ಎಂದೆ. ಅವನು ನಿಜವೆಂದೇ ನಂಬಿ ವ್ಯಾನಿನ ಕಡೆ ತಿರುಗಿ ಕೈಮುಗಿದ.

ಉಳಿದ ಶೂಟಿಂಗ್ ಯಾರೂ ಪ್ರಜ್ಞೆ ತಪ್ಪದೆ ಮುಗಿಯಿತು. ನನ್ನ ವಿದ್ಯಾರ್ಥಿನಿ ದಿನಾ ಬೆಳಗ್ಗೆ ತಾನೇ ಐಸ್ ತುಂಬಿಸುತ್ತಿದ್ದಳು, ಪ್ರತಿ ಎರಡು ಶಾಟಿಗೊಮ್ಮೆ ಅವನ ಬುರುಡೆ ತೆಗೆಸುತ್ತಿದ್ದಳು. ಷೆಡ್ಯೂಲಿಗೆ ಏನೂ ಆಗಲಿಲ್ಲ. "ಟೀಚರ್, ನೀವು ಹೀಟ್ ಚಾಪ್ಟರ್ ಹೀಗೆ ಹೇಳಿದ್ರೆ ನಾನು ಸೋತೀನೇ ಇರ್ಲಿಲ್ಲ" ಎಂದಳು. ಸೋನಾ ಎಂದರೆ ಹಿಂದಿಯಲ್ಲಿ ಮಲಗುವುದು. ಅದಕ್ಕೆ ಕನ್ನಡದ ಬಾಲ ಹಚ್ಚಿದ್ದಳು. ಅರ್ಥ ಮಾಡಿಕೊಳ್ಳಲು ನನಗೆ ಒಂದು ಕ್ಷಣ ಬೇಕಾಯಿತು.

ಸೀರೀಸ್ ಬಂದಾಗ ನಾವಿಬ್ಬರೂ ಮನೆಯಲ್ಲಿ ಕೂತು ನೋಡಿದೆವು. ರೆಪ್ಪೆಯ ಮೇಲಿನ ಹಿಮ ಅದ್ಭುತವಾಗಿತ್ತು. ಕೊನೆಯಲ್ಲಿ ಹೆಸರುಗಳು ಓಡುವಾಗ ಅಡುಗೆಯವರ ಹೆಸರಿನ ಕೆಳಗೆ ನನ್ನದೂ ಬಂತು. ಸೆಟ್ಟಿನಲ್ಲಿ ಅಡುಗೆಯವರ ಮಾತು ನನ್ನ ಮಾತಿಗಿಂತ ಹೆಚ್ಚು ನಡೆಯುತ್ತಿದ್ದುದರಿಂದ ನನಗೇನೂ ಬೇಸರವಾಗಲಿಲ್ಲ. ನಾಯಕನಟರು ಸಂದರ್ಶನಗಳಲ್ಲಿ, ಸೂಟಿನ ಬೇಗೆಯಲ್ಲಿ ತಾವು ಸಾವಿನಂಚಿಗೆ ಹೋಗಿ ಬಂದುದಾಗಿಯೂ, ಆ ಅನುಭವದಿಂದ ಒಳಗಿನಿಂದಲೇ ಬದಲಾಗಿರುವುದಾಗಿಯೂ ಹೇಳಿದರು. ಹೇಳುವಾಗ ಕಣ್ಣು ತೇವವಾಯಿತು. ತೇಲಿದ ದೃಶ್ಯಗಳಿಗಾಗಿ ಅವರಿಗೊಂದು ಪ್ರಶಸ್ತಿಯೂ ಬಂತು.

ಡ್ಯೂಪಿಗೆ ನಾನು ಬನಿಯನ್ನನ್ನೇ ಕೊಟ್ಟುಬಿಟ್ಟಿದ್ದೆ. ಅವನು ಅದನ್ನು ತೊಟ್ಟು ಒಂದು ಪೌರಾಣಿಕ ಸೀರಿಯಲ್ಲಿನಲ್ಲಿ ರಾಕ್ಷಸನ ಡ್ಯೂಪ್ ಆದ. ಆಮೇಲೆ ಅವನ ಗೆಳೆಯ, ಶಾಪಿಂಗ್ ಮಾಲಿನ ಮುಂದೆ ಕರಡಿ ವೇಷ ಹಾಕಿ ಮಕ್ಕಳ ಕೈಕುಲುಕುವವನು, ಎರವಲು ಪಡೆದ. ಅವನಿಂದ ಇನ್ನೊಬ್ಬ, ಮದುವೆ ಮನೆಗಳಲ್ಲಿ ಗೊರಿಲ್ಲಾ ಆಗುವವನು, ತನಗೂ ಒಂದು ಬೇಕೆಂದು ನಮ್ಮ ಬಾಗಿಲಿಗೇ ಬಂದ. ಗೋರೆಗಾಂವಿನಿಂದ ಮೂರು ಟ್ರೇನ್ ಬದಲಿಸಿ ಬಂದಿದ್ದ. ಅವನ ಎದೆ, ಬೆನ್ನಿನ ತುಂಬ ಬೆವರುಸಾಲೆ.

ಯಜಮಾನರು ಅವನನ್ನು ಫ್ಯಾನಿನ ಕೆಳಗೆ ಕೂರಿಸಿ, ನೀರು ಕೊಟ್ಟು, ಟೇಪು ಹಿಡಿದು ಎದೆಯ ಅಳತೆ ತೆಗೆದುಕೊಳ್ಳತೊಡಗಿದರು. ನಾನು ಸೂಜಿಗೆ ದಾರ ಪೋಣಿಸಿದೆ.

"ಇವರಿಗೆ ಕಂಕುಳ ಹತ್ರ ಇನ್ನೂ ನಾಲ್ಕು ಕವಲು ಜಾಸ್ತಿ ಕೊಡು. ಗೊರಿಲ್ಲಾ ಕೈ ಮೇಲೆತ್ತಿ ಎದೆ ಬಡ್ಕೋಬೇಕಲ್ಲ" ಎಂದರು.